ಉಪ್ಪಿನ ಡಬ್ಬಿ

ಮುಂದಿನ ಸಲ ಹೋಟೆಲೋ, ಮನೆಯೋ
ಎಂದು ಕೇಳಿದಿರಿ.
ಕೇಳಿದ್ದು ನನ್ನನ್ನಲ್ಲ, ಹೆಂಡತಿಯನ್ನು.
ನಾನು ನಿಮ್ಮ ಹಾಸಿಗೆಯ ಮೂಲೆ ಮಡಚುತ್ತಿದ್ದೆ.
ತಿಬಿಲಿಸಿಯ ಬೆಳಗು ಇನ್ನೂ ಮುಖ ತೊಳೆದಿರಲಿಲ್ಲ.
ಆದರೂ ಹೇಳುತ್ತೇನೆ,
ನಮ್ಮಿಬ್ಬರಿಗೂ ಅರೆಬರೆ ಬರುವ ರಷ್ಯನ್ನಿನಲ್ಲಿ
ಇಷ್ಟೆಲ್ಲ ಹೇಳಲಾಗದು,
ಮನಸ್ಸಿನಲ್ಲೇ ಹೇಳುತ್ತೇನೆ.

ಹೋಟೆಲಿನಲ್ಲಿ ಸೋಪು ನಿಮಗಾಗಿ ಹುಟ್ಟಿ
ನಿಮ್ಮ ಹಿಂದೆಯೇ ಸಾಯುತ್ತದೆ.
ಗೋಡೆಯ ಚಿತ್ರಕ್ಕೆ ನಾಲ್ಕು ಮೂಲೆಗೂ ಮೊಳೆ,
ಯಾರಾದರೂ ಅದನ್ನು ಪ್ರೀತಿಸಿಬಿಟ್ಟರೆ ಅಂತ.
ಟವೆಲನ್ನು ಹಂಸ ಮಾಡಿ ಕೂರಿಸುತ್ತೇನೆ,
ದಿನಕ್ಕೆ ಹದಿನಾಲ್ಕು ಹಂಸ,
ಕೊರಳು ಹಿಡಿದೆತ್ತಿ ನೀವು ಮುಖ ಒರೆಸುತ್ತೀರಿ.
ಹನ್ನೆರಡಕ್ಕೆ ಹೊರಟರೆ
ಹನ್ನೆರಡೂವರೆಗೆ ನೀವು ಬಂದೇ ಇರಲಿಲ್ಲ.
ಕೂದಲೆಳೆಯೊಂದನ್ನೂ ನಾನು ಬಿಡುವುದಿಲ್ಲ.
ಇದೂ ಒಂದು ದಯೆ, ತಿಳಿದವರಿಗೆ.

ಮನೆ ಹಾಗಲ್ಲ.
ಸಬುರ್ತಾಲೊದಲ್ಲಿ ಒಂದಿದೆ, ಐದನೆಯ ಮಹಡಿ,
ಲಿಫ್ಟಿಗೆ ನಾಣ್ಯ ಹಾಕಬೇಕು,
ಏರಲು ಕಾಸು, ಇಳಿಯುವುದು ಪುಕ್ಕಟೆ.
ಬೀಗದ ಕೈ ಅಂಕಿಯ ಪೆಟ್ಟಿಗೆಯಲ್ಲಿರುತ್ತದೆ,
ಒಬ್ಬ ಗಂಡಸು ಹುಟ್ಟಿದ ವರ್ಷವೇ ಅದರ ಗುಟ್ಟು.
ಬಿಸಿನೀರು ಬೇಕೆಂದರೆ ನಲ್ಲಿ ಬಿಟ್ಟು
ಇಪ್ಪತ್ತರವರೆಗೆ ಎಣಿಸಿ.
ಉಪ್ಪು ಎಲ್ಲಿದೆಯೆಂದು ಯಾರೂ ಹೇಳುವುದಿಲ್ಲ.
ಒಲೆ ಪಕ್ಕದ ಮೂರನೆಯ ಡಬ್ಬಿಗೆ
ನೋಡದೆ ಕೈ ಹೋದ ದಿನ
ಆ ಮನೆ ಒಂದು ಚಿಟಿಕೆಯಷ್ಟು ನಿಮ್ಮದು.

ಎದುರುಮನೆಯ ಝುಝುನಾ ಬಾಗಿಲ ಸಂದಿಯಿಂದ
ನಿಮ್ಮ ಚೀಲ ಎಣಿಸುತ್ತಾಳೆ.
ಮರುದಿನ ಹುಳಿ ಪ್ಲಮ್ಮಿನ ಗೊಜ್ಜು ತಂದುಕೊಟ್ಟು
ಅದರ ಮರುದಿನ ಬಾಟಲಿ ವಾಪಸು ಕೇಳುತ್ತಾಳೆ.
ಕೆಳಗೆ ಹಿಪ್ಪುನೇರಳೆ ಮರದಡಿ
ಮುದುಕರು ಡಾಮಿನೋ ಕುಟ್ಟುತ್ತಾರೆ,
ರಾತ್ರಿ ಹನ್ನೊಂದಾದರೂ.

ಇಲ್ಲಿಯವರ ಹಾಗೆ ಬಾಳಿ ನೋಡಿ,
ಎಂದು ಫೋಟೋದ ಕೆಳಗೆ ಬರೆದಿರುತ್ತದೆ.
ಇಲ್ಲಿಯವರು ಎಲ್ಲಿಗೆ ಹೋದರು
ಎಂದು ಬರೆದಿರುವುದಿಲ್ಲ.

ಆ ಮನೆಯಲ್ಲಿ ಒಂದು ಕಪಾಟಿಗೆ ಬೀಗ ಇದೆ.
ಬೀಗ ಎಳೆದು ನೋಡುತ್ತೀರಿ, ಎಲ್ಲರೂ ನೋಡುತ್ತಾರೆ.
ಒಳಗೆ ತಮಾಜನ ಫೋಟೋ, ಅವನ ಎಕ್ಸ್‌ರೇಗಳು,
ಚಳಿಗಾಲದ ನನ್ನ ಕೋಟು,
ಅರ್ಧ ಹೆಣೆದ ಏನೋ ಒಂದು.
ನಾನು, ನನೂಲಿ, ಮಡಚಿಕೊಂಡು
ಅದರಲ್ಲಿ ಹಿಡಿಸುವಷ್ಟೇ ಇದ್ದೇನೆ.

ಹಾಗಾದರೆ ರಾತ್ರಿ ಎಲ್ಲಿ ಮಲಗುತ್ತಾಳೆ ಎನ್ನುವಿರಾ?
ಇಲ್ಲೇ.
ರಾತ್ರಿ ಪಾಳಿಯ ನುಗ್ಜಾರ್ ಒಳ್ಳೆಯವನು,
ಬಿಕರಿಯಾಗದ ಕೋಣೆಯ ಚೀಟಿಯನ್ನು
ಮೇಜಿನ ಮೇಲೆ ಮರೆತಂತೆ ಬಿಟ್ಟು
ಚಹಾಕ್ಕೆ ಹೋಗುತ್ತಾನೆ.
ಮುನ್ನೂರ ನಾಲ್ಕು, ಕೆಲವೊಮ್ಮೆ ಮುನ್ನೂರ ಒಂಬತ್ತು.
ಹೊದಿಕೆಯ ಮೇಲೆಯೇ ಒಂದು ಅಂಚಿಗೆ ಮಲಗುತ್ತೇನೆ,
ಹಂಸವನ್ನು ಮುಟ್ಟುವುದಿಲ್ಲ.
ನನ್ನ ಮನೆಯಲ್ಲಿ ನನ್ನಂತೆ ಯಾರೋ,
ಇಲ್ಲಿ ನಿಮ್ಮಂತೆ ನಾನು.

ನಾಚಿಕೆಯ ಮಾತು ಒಂದಿದೆ.
ಚೆನ್ನಾಗಿ ನಿದ್ದೆ ಬರುತ್ತದೆ.
ಈ ಗೋಡೆಗಳಿಗೆ ತಮಾಜನ ಕೆಮ್ಮು ಗೊತ್ತಿಲ್ಲ.
ಪರದೆ ಎಳೆದರೆ ಮುಗಿಯಿತು,
ವಿಧವೆಯೂ ಅಲ್ಲ, ಒಡತಿಯೂ ಅಲ್ಲ,
ಒಂದು ಕೋಣೆಯ ನಂಬರು.

ಮೊನ್ನೆ ಲೆಕ್ಕಕ್ಕೆಂದು ಮನೆಗೆ ಹೋದೆ.
ಉಂಡೂ ಹೋದರು, ಕೊಂಡೂ ಹೋದರು,
ಹಾಗೇನೂ ಅಲ್ಲ, ಒಂದು ಚಮಚ ಅಷ್ಟೆ.
ಕಿಟಕಿಗೆ ತುಳಸಿಯಂಥ ಎಂಥದೋ
ಸೊಪ್ಪಿನ ಕುಂಡ ತಂದಿಟ್ಟಿದ್ದಾರೆ,
ನೀರು ಹಾಕಿ ಎಂಬ ಚೀಟಿಯೊಡನೆ.
ಆಲೂಗಡ್ಡೆ ಬೇಯಲು ಇಟ್ಟು
ನೋಡದೆ ಮೂರನೆಯ ಡಬ್ಬಿಗೆ ಕೈ ಹಾಕಿದೆ.
ಸಕ್ಕರೆ.

ಹಾಸಿಗೆ ಆಯಿತು, ನಿಮ್ಮ ಹೆಂಡತಿ ಕಾಯುತ್ತಿದ್ದಾರೆ.
ಹೋಟೆಲಾದರೆ ಮುನ್ನೂರ ನಾಲ್ಕು ಕೇಳಬೇಡಿ.
ಮನೆಯಾದರೆ ಜೇಬಿನಲ್ಲಿ ಚಿಲ್ಲರೆ ಇರಲಿ.
ಉಪ್ಪು ಸಿಕ್ಕರೆ,
ಎಲ್ಲಿತ್ತು ಎಂದು
ನನಗೂ ಒಂದು ಸಾಲು ಬರೆದಿಡಿ.