ಶುಕ್ರವಾರದ ಸಮುದ್ರ

ಮಾದಾಪುರದ ಶಾಲೆ. ಎಂಟನೇ ತರಗತಿ, ಬಿ ವಿಭಾಗ.
ಬೆಂಚು ಜೋಡಿಸಿ ಮಾಡಿದ ಹಾಸಿಗೆಗಳ ನಡುವೆ
ಓಆರ್‌ಎಸ್ ಪೊಟ್ಟಣ ಎಣಿಸುತ್ತಿದ್ದೆ.
ಗುಡ್ಡ ಜಾರಿ ಹನ್ನೊಂದು ದಿನ.
ಕಪ್ಪು ಹಲಗೆಯ ಮೇಲೆ ಇನ್ನೂ ಅಳಿಸದ ಲಸಾಅ, ಮಸಾಅ,
ಅದರ ಪಕ್ಕ ಯಾರೋ ಬರೆದ ಪಟ್ಟಿ:
ಸಿಕ್ಕವರು, ಸಿಗದವರು.

ಪೋರ್ಚುಗಲ್ಲಿನ ಹುಡುಗ ತಿಯಾಗೊ ಬಂದು ನಿಂತ.
ಬೆಳಿಗ್ಗೆಯಿಂದ ಅಕ್ಕಿಮೂಟೆ ಹೊತ್ತವನು,
ಮೊಣಕಾಲವರೆಗೆ ಕೆಂಪು ಕೆಸರು.
ದನಿ ತಗ್ಗಿಸಿ ಕೇಳಿದ: ನಾಳೆ ಭಾನುವಾರ, ನನಗೆ ರಜೆ,
ಇಲ್ಲಿ ನೋಡುವಂಥದ್ದು ಏನಾದರೂ...
ಹತ್ತಿರದಲ್ಲಿ ಡೈವಿಂಗ್ ಇದೆಯಾ?

ಮೂಲೆಯ ಬೆಂಚಿನಿಂದ ದೇಚವ್ವ ತಲೆಯೆತ್ತಿದಳು,
ಮನೆ, ಎರಡು ಹಸು, ಗಂಡನ ಪಟ
ಒಂದೇ ರಾತ್ರಿ ಹೊಳೆಗೆ ಕೊಟ್ಟವಳು.
"ಏನಂತೆ ಅವನಿಗೆ?"
"ಈಜಬೇಕಂತೆ," ಅಂದೆ. ಅರ್ಧ ನಿಜ.

ನನಗೆ ಸಿಟ್ಟು ಬರಬೇಕಿತ್ತು.
ಬಾಯಿಗೆ ಬಂದದ್ದು ಉಪ್ಪಿನ ರುಚಿ.

ಒಂಬತ್ತು ವರ್ಷದ ಹಿಂದೆ, ಕೆಂಪು ಸಮುದ್ರದ ದಂಡೆ.
ಊರಿನ ಹೆಸರು ಬೇಡ, ಆಮೇಲೆ ಎರಡು ಸಲ ಬಾವುಟ ಬದಲಾಗಿದೆ.
ಡೇರೆಯಲ್ಲಿ ನನ್ನ ಕೆಲಸ: ಮಕ್ಕಳ ರಟ್ಟೆಗೆ
ಬಣ್ಣದ ಪಟ್ಟಿ ಸುತ್ತಿ ಹಸಿವು ಅಳೆಯುವುದು.
ಹಸಿರಾದರೆ ಹೋಗಬಹುದು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.
ಹಳದಿಯಾದರೆ ಹಿಟ್ಟಿನ ಪೊಟ್ಟಣ.
ಕೆಂಪಾದರೆ, ತಾಯಿಯ ಮುಖ ನೋಡದೆ
ಒಳಗಿನ ಡೇರೆಗೆ ಕೈ ತೋರಿಸುವುದು.

ಎರಡನೇ ವಾರ ಜೀಪಿನ ಇದ್ರೀಸನನ್ನು ನಾನೂ ಕೇಳಿದ್ದೆ,
ಇದೇ ತಗ್ಗಿದ ದನಿ, ಕಳ್ಳಬಟ್ಟಿ ಕೇಳುವವಳ ಹಾಗೆ:
ಶುಕ್ರವಾರ ರಜೆ. ಸಮುದ್ರದೊಳಗೆ ಇಳಿಸುವವರು ಯಾರಾದರೂ?
ಬೈಯುತ್ತಾನೆ ಅಂದುಕೊಂಡಿದ್ದೆ.
ಸ್ಟಿಯರಿಂಗ್ ಬಡಿದು ನಕ್ಕುಬಿಟ್ಟ.
"ಸದ್ಯ, ಒಬ್ಬಳಾದರೂ ಕೇಳಿದಳು!
ಬಂದವರೆಲ್ಲ ನಮ್ಮ ಗಾಯ ನೋಡಿ ವಿಮಾನ ಹತ್ತುತ್ತಾರೆ."
ಅವನ ಭಾವನ ಬಳಿ ಎರಡು ಸಿಲಿಂಡರು, ಒಂದು ದೋಣಿ,
ತುಕ್ಕು ಹಿಡಿದ ಬೋರ್ಡು,
ಪ್ರವಾಸಿಗರಿಲ್ಲದ ನಾಲ್ಕು ವರ್ಷ.

ಹಾರಂಗಿ ಹಿನ್ನೀರಿಗೇ ಹೆದರುತ್ತಿದ್ದ ನಾನು
ದೋಣಿಯಂಚಿನಿಂದ ಬೆನ್ನು ಹಿಂದಾಗಿ ಬಿದ್ದೆ.
ಕೆಳಗೆ ನನ್ನದೇ ಉಸಿರಿನ ಸದ್ದು,
ಗಿಳಿಮೀನು ಹವಳ ಕಡಿಯುವ ಕಟಕಟ.
ಭಾವ ತನ್ನ ಕೆಂಪು ಕೈಗವಸು ಎತ್ತಿ ತೋರಿಸಿದ.
ಹತ್ತು ಮಾರು ಇಳಿಯುವಷ್ಟರಲ್ಲಿ ಅದು ಕಂದು,
ಇನ್ನೂ ಕೆಳಗೆ ಬೂದಿ.
ನೀರಿನಲ್ಲಿ ಮೊದಲು ಕಾಣೆಯಾಗುವುದು ಕೆಂಪಂತೆ.
ಮುಖವಾಡದೊಳಗೆ ಅತ್ತೆ. ಅಲ್ಲಿ ಅತ್ತರೆ
ಒರೆಸಿಕೊಳ್ಳಲು ಬರುವುದಿಲ್ಲ, ಗೊತ್ತಿರಲಿ.
ಮೇಲೆ ಬಂದೆ. ಕೈಗವಸು ಮತ್ತೆ ಕೆಂಪು.
ಶನಿವಾರ ಆರು ಮಕ್ಕಳು.

"ಡೈವಿಂಗ್ ಇಲ್ಲ ಮಾರಾಯ," ಅಂದೆ ತಿಯಾಗೊಗೆ.
"ಇಲ್ಲಿ ನಾವು ನೀರನ್ನು ಹುಡುಕಿ ಹೋಗುವುದಿಲ್ಲ,
ಅದೇ ಮನೆ ಹುಡುಕಿಕೊಂಡು ಬರುತ್ತದೆ."
ಅವನ ಕಿವಿ ಕೆಂಪಾಯಿತು. ಸಾರಿ, ಸಾರಿ ಅನ್ನುತ್ತ ಹಿಂದೆ ಸರಿದ.
ಬೆಂಚಿನಿಂದ ದೇಚವ್ವ:
"ಚೇಲಾವರಕ್ಕೆ ಕಳಿಸು ಪಾಪ, ಮಕ್ಕಳು ಅಷ್ಟು ದೂರದಿಂದ ಬಂದಿದ್ದಾವೆ.
ಅಲ್ಲಿ ಗುಡ್ಡ ಬಿದ್ದಿಲ್ಲ. ನೀರು ಮಾತ್ರ ಬೀಳೋದು."

ಕ್ಲೋರಿನ್ ಮಾತ್ರೆಯ ರಸೀದಿಯ ಹಿಂದೆ ದಾರಿ ಬರೆದೆ:
ನಾಪೋಕ್ಲು, ಚೆಯ್ಯಂಡಾಣೆ, ಆಮೇಲೆ ಯಾರನ್ನಾದರೂ ಕೇಳು.
ಬಂಡೆ ಜಾರುತ್ತದೆ. ಕಾಲಿಗೆ ಉಪ್ಪು ಹಚ್ಚಿಕೊ, ಇಂಬಳ.

ಸೋಮವಾರ ಬಂದ. ಇಂಬಳ ಕಚ್ಚಿದ ಕಾಲು,
ಮೊಬೈಲಿನಲ್ಲಿ ಒಂದೇ ಒಂದು ಫೋಟೋ,
ನೇರ ದೇಚವ್ವನ ಕೈಗೆ ಕೊಟ್ಟ.
ಅವಳು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು,
ಚಿಕ್ಕದು ಮಾಡಿ ನೋಡಿದಳು.
"ಅರವತ್ತೆರಡು ವರ್ಷ ಇಲ್ಲೇ ಇದ್ದೆ.
ಇದಾ? ನಾನೇ ಹೋಗಿಲ್ಲ."

ಪೊಟ್ಟಣದ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ.