ಗಾಳಿಯ ಬಿಲ್ಲು

ನನ್ನ ಸರದಿ ಐದೇ ನಿಮಿಷ,
ಹನ್ನೆರಡು ಹದಿನೈದರಿಂದ ಇಪ್ಪತ್ತರವರೆಗೆ.
ಅಷ್ಟರಲ್ಲಿ ಸದನದಲ್ಲಿ ಯಾರು ಏನಂದರೂ
ನನ್ನ ಪೆನ್ಸಿಲ್ಲಿನ ಪಾಲು.
ಆಮೇಲೆ ಸರೋಜಿನಿ ಬಂದು ಕೂರುತ್ತಾಳೆ,
ನಾನು ಮೊಗಸಾಲೆ ದಾಟಿ ಬೆರಳಚ್ಚಿನ ಕೋಣೆಗೆ.

ಇವತ್ತು ಶೂನ್ಯವೇಳೆಯಲ್ಲಿ ಎದ್ದವರು ನಮ್ಮ ಮುನಿಚೌಡಪ್ಪನವರು.
ನಮ್ಮ ಅಂತ ಬರೆಯುವ ಹಾಗಿಲ್ಲ. ಮಾನ್ಯ ಸದಸ್ಯರು.
ಹಿಂದಿನ ಸಾಲು, ಒಣಕೆಮ್ಮು, ಜೇಬಿನ ತುಂಬ ಚೀಟಿ:
ಬಸ್ ಟಿಕೇಟಿನ ಬೆನ್ನು, ಲಗ್ನಪತ್ರಿಕೆಯ ಅಂಚು,
ಔಷಧಿ ಅಂಗಡಿಯ ರಸೀದಿ.
ಬೆಳಗ್ಗೆ ಆರಕ್ಕೇ ಅವರ ಗೇಟಿನ ಮುಂದೆ ನಿಂತವರು
ಕೈಗೆ ಸಿಕ್ಕಿದ್ದರ ಮೇಲೆ ಗೀಚಿ ಕೊಟ್ಟದ್ದು.

ಒಂದನ್ನು ತೆಗೆದು ತಲೆಕೆಳಗಾಗಿ ಹಿಡಿದರು. ತಿರುಗಿಸಿದರು.

"ಸಭಾಧ್ಯಕ್ಷರೇ, ಸೊಣ್ಣಪ್ಪನಕುಂಟೆ, ಮೂರನೇ ಅಡ್ಡರಸ್ತೆ,
ಅಂಜಿನಮ್ಮ ಅಂತ. ಹೂ ಕಟ್ಟೋ ಹೆಂಗಸು.
ಹದಿನೇಳು ದಿನದಿಂದ ನಲ್ಲೀಲಿ ಒಂದು ಚೊಂಬು ನೀರಿಲ್ಲ.
ಬಿಲ್ಲು ಮಾತ್ರ ಬಂದಿದೆ.
ಯಾಕಂದ್ರೆ ಪೈಪಲ್ಲಿರೋ ಗಾಳಿ ನುಗ್ಗುತ್ತೆ,
ಗಾಳಿಗೇ ಮೀಟರು ತಿರುಗುತ್ತೆ.
ನೀರು ಬರಲ್ಲ ಸ್ವಾಮಿ, ಗಾಳಿ ಬರುತ್ತೆ."

ಎದುರು ಸಾಲಿನಿಂದ ಯಾರೋ:
"ಬಿಲ್ಲು ಬಂತಲ್ಲ, ಬಾಣ ಹೂಡಿ!"
(ನಗು)
ಎಂದು ಬರೆದುಕೊಂಡೆ.
ಶೀಘ್ರಲಿಪಿಯಲ್ಲಿ ನಗುವಿಗೊಂದು ಗೆರೆಯಿದೆ, ಗದ್ದಲಕ್ಕೊಂದು.
ಕೆಮ್ಮಿಗಿಲ್ಲ.
ಚೀಟಿ ಹಿಡಿದ ಕೈ ನಡುಗಿದರೆ ಅದಕ್ಕೂ ಇಲ್ಲ.

"ನೀರು ಬರಲ್ಲ ಸ್ವಾಮಿ," ಅವರು ಮತ್ತೆ, "ಗಾಳಿ ಬರುತ್ತೆ."

ಆಗ ಕಂಡೆ, ಚೀಟಿಯ ನೀಲಿ ಗೆರೆ.
ನನ್ನದೇ ಪುಸ್ತಕದಿಂದ ಹರಿದ ಹಾಳೆ, ನನ್ನದೇ ಅಕ್ಷರ.
ಸರ್ಕಾರಿ ನೌಕರಳು ಮಾಡಬಾರದ್ದು.
ಆದರೆ ನಾನಿರುವುದೂ ಮೂರನೇ ಅಡ್ಡರಸ್ತೆ;
ರಾತ್ರಿ ಎರಡೂವರೆಗೆ ನಲ್ಲಿಗಳು ಬುಸುಗುಟ್ಟಿದಾಗ
ಬೀದಿಗೆ ಬೀದಿಯೇ ಎದ್ದು ಕೊಡ ಹಿಡಿದು
ಕತ್ತಲಲ್ಲಿ ಕಿವಿಗೊಟ್ಟು ನಿಲ್ಲುತ್ತದೆ.
ಅಂಜಿನಮ್ಮ ಮೀಟರಿಗೆ ಟಾರ್ಚು ಹಿಡಿದು
"ಓಡ್ತೈತೆ ನೋಡೇ, ಎಂಗೆ ಓಡ್ತೈತೆ" ಅನ್ನುತ್ತ
ಆ ಪುಟ್ಟ ಕೆಂಪು ಚಕ್ರವನ್ನು
ಬಯ್ಯುವುದೋ ಹೊಗಳುವುದೋ ತಿಳಿಯದು.
ಅವಳು ಹೇಳಿದಳು, ನಾನು ಬರೆದೆ.
ನಾನು ಬರೆದದ್ದು ಅವರು ಓದಿದರು.
ಅವರು ಓದಿದ್ದು ಈಗ ನಾನು ಬರೆಯುತ್ತಿದ್ದೇನೆ.

ಕೊನೆಯ ಸಾಲು ಬಾಕಿಯಿತ್ತು. ನನಗೆ ಬಾಯಿಪಾಠ:
ಓಟು ಕೇಳಕ್ಕೆ ಬಂದಾಗ
ನಮ್ಮನೇಲೇ ಕುಂತು ನೀರು ಕುಡಿದಿದ್ರಿ ನೀವು.

ಪೆನ್ಸಿಲ್ಲು ಕಾಯುತ್ತಿತ್ತು.
ಅವರ ಕಣ್ಣು ಆ ಸಾಲಿಗೆ ಬಂತು. ನಿಂತಿತು.
ಸಭಾಧ್ಯಕ್ಷರ ಗಂಟೆ ಬಾರಿಸಿತು, ಇನ್ನೊಮ್ಮೆ ಬಾರಿಸಿತು.
ಅವರು ಚೀಟಿ ಮಡಚಿದರು, ಉಳಿದ ಚೀಟಿಗಳ ಜೇಬಿಗಲ್ಲ,
ಎದೆಯ ಮೇಲಿನ ಇನ್ನೊಂದು ಜೇಬಿಗೆ.
"ನೀರು ಬರಲ್ಲ ಸ್ವಾಮಿ," ಅಂದರು, ಯಾರಿಗೂ ಅಲ್ಲದಂತೆ,
"ಗಾಳಿ ಬರುತ್ತೆ."

ಸಚಿವರು: ಪರಿಶೀಲಿಸಿ ಉತ್ತರ ಒದಗಿಸಲಾಗುವುದು.
ಸರೋಜಿನಿ ನನ್ನ ಹೆಗಲು ತಟ್ಟಿದಳು.

ಒಂದೇ ಮಾತು ಮರುಕಳಿಸಿದರೆ ಒಮ್ಮೆ ಬರೆದರೆ ಸಾಕು,
ಅದು ನಮ್ಮ ಕೋಣೆಯ ನಿಯಮ.
ಮೂರು ಸಲ ಅಚ್ಚು ಮಾಡಿದೆ.
ಮೇಲಿನವರು ಎರಡನ್ನು ಹೊಡೆದುಹಾಕಿರಬಹುದು,
ನೋಡಲು ಹೋಗಲಿಲ್ಲ.

ಸಂಜೆ ಅಂಜಿನಮ್ಮ ಕಟ್ಟೆಯ ಮೇಲೆ ಕೂತು ಕಾಕಡ ಕಟ್ಟುತ್ತಿದ್ದಳು.
"ಓದಿದ್ರಾ?"
"ಓದಿದ್ರು."
"ಪೂರ್ತಿ?"
"ಕೊನೇ ಸಾಲು ಬಿಟ್ಟು."
ನಾರನ್ನು ಹಲ್ಲಿಗೆ ಕಚ್ಚಿ ಹರಿದಳು,
ಮಾಲೆಯನ್ನು ಎತ್ತಿ ಹಿಡಿದು ಮೊಳ ಹಾಕಿದಳು.
"ಅಂಗಾದ್ರೆ," ಅಂದಳು, "ಗ್ಯಾಪ್ಕ ಐತೆ ಅವ್ರಿಗೆ."