ನಾಲ್ಕೂವರಿ ತಾಸು

ಗುಳೇದಗುಡ್ಡದಾಗ ಬಸ್ಸಿಳಿದಾಗ ಮುಂಜಾನೆ ಏಳು.
ನನ್ನ ಕೈಗಡಿಯಾರದಾಗ ಇನ್ನೂ ಎರಡೂವರಿ.
ತಮ್ಮ ಚಿದಾನಂದ ನನ್ನ ನೋಡೋಕಿಂತ ಮೊದಲು
ಪೆಟ್ಟಿಗಿ ಚಕ್ರ ನೋಡಿದ. ಓಣಿತುಂಬ ಕೇಳೋಹಂಗ
ಗಡಗಡ ಉರುಳಿಸ್ಕೊಂತ ನಡದ,
ಗಟಾರ ಬಂದಲ್ಲಿ ತಲಿಮ್ಯಾಲ ಹೊತ್ತ.

ಐದು ತಿಂಗಳು. ಅಷ್ಟ.
ಬಾಣಂತನಕ್ಕ ಬಂದಾಕಿ ತವರಾಗ ಇದಕ್ಕಿಂತ ಹೆಚ್ಚಿಗಿ ಇರ್ತಾಳ.
ಆದ್ರೂ ನೀಲವ್ವಕಾಕು ನನ್ನ ಗದ್ದ ಹಿಡಿದು
ಸಂತ್ಯಾಗ ಬದನಿಕಾಯಿ ತಿರುವಿದಂಗ ತಿರುವಿದ್ಳು:
“ಬೆಳ್ಳಗಾಗೀದಿ. ಉಹೂಂ, ಬಿಳಿಚಿಗೊಂಡೀದಿ.”
ಯಾವೂರು ಅದು?
ವೂಚ್. ಬರಿಯೋದು ಒಂದು, ಕರಿಯೋದು ಒಂದು.
ಉಣ್ಣಾಕ ಏನ್ ಹಾಕ್ತಿದ್ರು?
ಆಲೂಗಡ್ಡಿ.
ಮತ್ತ?
ಮತ್ತೂ ಆಲೂಗಡ್ಡಿ.
ಎಲ್ಲಾರೂ ನಕ್ರು, ನಾನೂ ನಕ್ಕೆ,
ಒಬ್ಬಾಕಿ ಮುದುಕಿ ಕುದಿಸಿದ ಕೆಂಪು ಬೀಟ್ರೂಟ್ ಸಾರು
ನಾಲಿಗಿ ತುದಿಗೆ ಬಂದು ಹಂಗ ಹಿಂದ ಹೋತು.

ಅವ್ವ ಚಾ ಕೊಟ್ಳು. “ಥ್ಯಾಂಕ್ಸ್” ಅಂದೆ.
ಬಾಯಿಂದ ಬಿದ್ದುಹೋತು, ಹಿಡಿಯಾಕ ಆಗಲಿಲ್ಲ.
ಆಕಿ ಏನೂ ಅನ್ನಲಿಲ್ಲ.
ಬೀಗರು ಎದ್ದುಹ್ವಾದ ಮ್ಯಾಲ ಪಡಸಾಲಿ ಒರಸ್ತಾಳಲ್ಲ,
ಹಂಗ ಒರಸಾಕ ಹತ್ತಿದ್ಳು.

ಅಪ್ಪ ಕುಣಿಯೊಳಗ ಕುಂತಿದ್ದ, ಸೊಂಟದ ತನಕ ಮಗ್ಗ,
ಮ್ಯಾಲಷ್ಟು ಅಪ್ಪ.
“ಬಂದ್ಯಾ” ಅಂದ. ಲಾಳಿ ನಿಲ್ಲಿಸಲಿಲ್ಲ.
ಮೂರು ದಿನ ಏನೂ ಕೇಳಲಿಲ್ಲ.
ನಾಕನೇ ದಿನ ನಾನ ಹೇಳಿದೆ:
ನಾ ಇದ್ದ ಮನಿಯಾಕಿ ಹಲೀನಾ, ಕಿವಿ ಮಂದ,
ಹದಿನೇಳಕ್ಕ ಗಿರಣಿ ಸೇರಿದಾಕಿ.
ಆಕಿ ನಿಂತು ನೇಯ್ದ ಜಾಗದಾಗ ಈಗ ಬೂಟು ಮಾರ್ತಾರ.
ನಿನ್ನ ಕೂಡ ಫೋನಿನಾಗ ಮಾತಾಡುವಾಗ
ಹಿಂದಿನ ಸಪ್ಪಳ ಕೇಳಿ ಸೌಟು ಕೆಳಗಿಟ್ಲು, ಅಪ್ಪಾ.
ಫೋನ್ ಇಸ್ಗೊಂಡು ಗಲ್ಲಕ್ಕ ಒತ್ತಿಕೊಂಡು
ಮೇಜಿನ ಮ್ಯಾಲ ಬೆರಳು ಬಡದ್ಲು, ಲಟಕ್, ಲಟಕ್.
ಎಡಕ್ಕ ಹೋಗೋ ಲಾಳಿ ತಡ ಮಾಡ್ತೈತಿ, ಅಂದ್ಲು.

ಮಗ್ಗ ನಿಂತಿತು.
ಅಪ್ಪ ಬಗ್ಗಿ ಎಡಕ್ಕ ಕೈ ಹಾಕಿದ. ತೊಗಲಿನ ಪಟ್ಟಿ
ಸಡಲಿತ್ತು.
ಬಹಳ ಹೊತ್ತಿನ ಮ್ಯಾಲ: “ಎಷ್ಟು ಮಗ್ಗ ಆಕಿಗೆ?”
ಹನ್ನೆರಡು, ಒಬ್ಬಾಕಿಗೇ.
“ಕುಣಿ?”
ಇಲ್ಲ. ನಿಂತೇ.
“ಕಾಲು?” ಅಂದ.
ನರ ಉಬ್ಬ್ಯಾವು, ಹಗ್ಗದಂಗ, ಅಂದೆ.
ಪಟ್ಟಿ ಬಿಗಿದ. ಮತ್ತ ಹೊಡದ. ತಲಿ ಓರಿ ಮಾಡಿ ಕೇಳಿದ,
ಫೋನಿನ ಆಚೀಕಡೆ ಯಾರೋ ಹೂಂ ಅನ್ನಲಿ ಅನ್ನೋಹಂಗ.

ಬೇಸ್ತವಾರ ಹಳೇ ಹಾಸು ಮುಗೀತು.
ಹೊಸಾ ಹಾಸು ಕೆಚ್ಚಾಕ ಅವ್ವನ ಎದುರಿಗೆ ಕುಂತೆ.
ಎರಡು ಸಾವಿರದ ಚಿಲ್ಲರಿ ಎಳಿ, ತುದಿಗೆ ತುದಿ.
ಅಲ್ಲಿ ಇಂಥಾವು ಎಷ್ಟೋ ಸಾವಿರ
ಕಂಪ್ಯೂಟರಿನಾಗ ಒಂದು ಗುಂಡಿ ಒತ್ತಿ ಕೂಡಿಸಿದ್ದೆ,
ಮಾರ್ಕ್ಸೂ ಚೊಲೋ ಬಂದ್ವು.
ಇಲ್ಲಿ ಮೊದಲನೇ ಎಳೀನ ಜಾರಿತು. ಎರಡನೇದೂ.
ಚಳಿಗೆ ದಿನಾ ಕ್ರೀಮು ತಿಕ್ಕಿ ತಿಕ್ಕಿ
ಬೆರಳು ಬೆಣ್ಣಿ ಆಗಿದ್ವು.
ಅವ್ವ ಬೈತಾಳ ಅಂದ್ಕೊಂಡೆ.
ಬೂದಿ ಡಬ್ಬಿ ಸರಿಸಿದ್ಳು.
ಮನಿಗೆ ಗ್ಯಾಸ್ ಬಂದು ಒಂಬತ್ತು ವರ್ಷಾತು,
ಬೂದಿಗಂತ ಈಗೂ ಗಂಗವ್ವನ ಮನಿಗೆ ಡಬ್ಬಿ ಕಳಸ್ತಾಳ.
ಅದ್ದಿಕೊಂಡೆ. ಹೊಸದೆ. ನಿಂತಿತು.
ನೂರರ ತನಕ ಎಣಿಸಿದೆ, ಆಮ್ಯಾಲ ಎಣಿಸೋದು ಬಿಟ್ಟೆ.

ರಾತ್ರಿ ಮೂರಕ್ಕ ಮತ್ತ ಎಚ್ಚರ.
ಹಿತ್ತಲ ಬಾಗಿಲಾಗ ಕುಂತಿದ್ದೆ, ಗುಡ್ಡದ ಬಂಡಿಗಲ್ಲು
ಇನ್ನೂ ಹಗಲಿನ ಬಿಸಿ ಬಿಡಾಕ ಹತ್ತಿದ್ವು.
ಅವ್ವ ಎದ್ದುಬಂದು ಬಾಜೂಕ ಕುಂತ್ಳು,
ಸೆರಗಿಗೆ ಬೂದಿ ಹಂಗ ಇತ್ತು.
“ಅಲ್ಲಿ ಈಗ ಎಷ್ಟಾತು?”
ಹತ್ತೂವರಿ, ರಾತ್ರಿ.
“ಹಂಗಾದ್ರ ಆಕಿ ಮಲಗಿರಬೇಕು”
ಅಂದ್ಳು ಅವ್ವ,
ಅಂದು, ದನಿ ಸಣ್ಣದು ಮಾಡಿದ್ಳು.